ವೇಗದ ಬೆಲೆ ತೆರುವವರು ಯಾರು?

ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ‘ಓವರ್‌ಕ್ಲಾಕಿಂಗ್’ ಹವ್ಯಾಸ ಮಧ್ಯಮವರ್ಗದ ಮನೆಗಳನ್ನೂ ಪ್ರವೇಶಿಸಿದೆ. ಆಟವಾಡುವ ಹುಡುಗರಷ್ಟೇ ಅಲ್ಲ, ವಿಡಿಯೊ ಸಂಕಲನದಿಂದ ಮನೆಯಲ್ಲೇ ಜೀವನೋಪಾಯ ಕಂಡುಕೊಂಡವರೂ ಇದರ ಬೆನ್ನು ಹತ್ತಿದ್ದಾರೆ. ವೇಗ ಹೆಚ್ಚಿದಂತೆ ಶಾಖ, ಶಾಖ ಹೆಚ್ಚಿದಂತೆ ಫ್ಯಾನಿನ ಅಬ್ಬರ. ಪುಟ್ಟ ಫ್ಲ್ಯಾಟಿನಲ್ಲಿ ಈ ಅಬ್ಬರವನ್ನು ಸಹಿಸಬೇಕಾದವರು ಬಹುಮಟ್ಟಿಗೆ ಅದರಿಂದ ಯಾವ ಪ್ರಯೋಜನವನ್ನೂ ಪಡೆಯದವರು. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚ ಎನ್ನುತ್ತದೆ. ಪಕ್ಕದ ಕೋಣೆಯಲ್ಲಿ ನಿದ್ದೆಗೆಟ್ಟವರು ಬೇರೇನಾದರೂ ಅಂದಾರು.

ಸಮಸ್ಯೆ ಹೊಸದಲ್ಲ. 2003ರಲ್ಲಿ ಮಾರುಕಟ್ಟೆಗೆ ಬಂದ ಎನ್‌ವಿಡಿಯಾದ ‘ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ’ ಕಾರ್ಡಿನ ಸದ್ದನ್ನು ಜನ ಕೂದಲು ಒಣಗಿಸುವ ಯಂತ್ರಕ್ಕೆ ಹೋಲಿಸಿದರು. ಕಡೆಗೆ ಕಂಪನಿಯೇ ತನ್ನನ್ನು ಗೇಲಿ ಮಾಡಿಕೊಂಡು ಒಂದು ವಿಡಿಯೊ ಹೊರತಂದಿತು. ಅಂದಿನಿಂದ ವಿದ್ಯುತ್ತಿನ ಹಸಿವು ಏರುತ್ತಲೇ ಇದೆ. 2022ರ ‘ಆರ್‌ಟಿಎಕ್ಸ್ 4090’ಕ್ಕೆ ನಿಗದಿಯಾದ ಪ್ರಮಾಣ 450 ವಾಟ್, 2025ರ ‘5090’ಕ್ಕೆ 575 ವಾಟ್.

ಚಿಪ್ ಬಳಸುವ ವಿದ್ಯುತ್ತು ಸ್ಥೂಲವಾಗಿ ಅದರ ವೇಗ ಹಾಗೂ ವೋಲ್ಟೇಜಿನ ವರ್ಗದ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಶೇ 10ರಷ್ಟು ಏರಿಸಲು ವೋಲ್ಟೇಜನ್ನೂ ಶೇ 10 ಏರಿಸಬೇಕಾಗಿ ಬಂದರೆ, ವಿದ್ಯುತ್ತು ಶೇ 33ರಷ್ಟು ಹೆಚ್ಚುತ್ತದೆ. ಸೀಮಾಂತ ಲಾಭ ಕುಗ್ಗುವ ನಿಯಮಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಆದ್ದರಿಂದ ಮೌನದ ಹಾದಿ ಫ್ಯಾನಿನಿಂದಲ್ಲ, ವೋಲ್ಟೇಜಿನಿಂದ ಆರಂಭವಾಗಬೇಕು. ತೀರ ದುರ್ಬಲ ಚಿಪ್ಪೂ ಕೆಲಸ ಮಾಡಲೆಂದು ತಯಾರಕರು ವೋಲ್ಟೇಜನ್ನು ತುಸು ಧಾರಾಳವಾಗಿಯೇ ಇಟ್ಟಿರುತ್ತಾರೆ. ಅನೇಕ ಚಿಪ್ಪುಗಳು ಕಡಿಮೆ ವೋಲ್ಟೇಜಿನಲ್ಲೂ ಅದೇ ವೇಗವನ್ನು ಕಾಯ್ದುಕೊಳ್ಳಬಲ್ಲವು. ಹಂತಹಂತವಾಗಿ ಇಳಿಸುತ್ತ, ಪ್ರತಿ ಹಂತದಲ್ಲೂ ಭಾರೀ ಕೆಲಸ ಕೊಟ್ಟು ಪರೀಕ್ಷಿಸುವ ತಾಳ್ಮೆ ಬೇಕು, ಅಷ್ಟೆ. ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ನಮ್ಮ ಯುವಕರು ಸಾವಿರಾರು ರೂಪಾಯಿಯ ಶೈತ್ಯೋಪಕರಣಗಳತ್ತ ಓಡುವುದೇಕೋ!

ಫ್ಯಾನಿಗೂ ತನ್ನದೇ ಗಣಿತವಿದೆ. ಅದರ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಅಂಥದೇ ಇನ್ನೊಂದು ಫ್ಯಾನ್ ಜೋಡಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಬಿರುಸಾಗಿ ತಿರುಗುವ ಒಂದು ಫ್ಯಾನಿಗಿಂತ ನಿಧಾನವಾಗಿ ತಿರುಗುವ ಎರಡು ಲೇಸು. ದೊಡ್ಡವಾದರೆ ಇನ್ನೂ ಲೇಸು. ಕ್ಯಾಬಿನೆಟ್ಟಿನೊಳಗೆ ಗಾಳಿ ಬಂದುಹೋಗಲು ದಾರಿಯಿರಬೇಕು, ಹೀಟ್‌ಸಿಂಕಿನ ದೂಳು ತೆಗೆಯುತ್ತಿರಬೇಕು. ನೀರಿನಿಂದ ತಂಪಾಗಿಸುವ ವ್ಯವಸ್ಥೆ ಹಾಕಿಸಿದವರೂ ಒಂದನ್ನು ಮರೆಯಬಾರದು: ಶಾಖ ಮಾಯವಾಗುವುದಿಲ್ಲ, ಕೋಣೆಗೆ ಬರುತ್ತದೆ. 450 ವಾಟ್ ಬಳಸುವ ಕಾರ್ಡು ಅಷ್ಟೇ ವಾಟಿನ ಹೀಟರ್. ಏಪ್ರಿಲ್ ತಿಂಗಳಲ್ಲಿ ಅದನ್ನು ಹೊರದೂಡಲು ಎ.ಸಿ. ಹಾಕಿ, ಒಂದೇ ಶಾಖಕ್ಕೆ ಎರಡು ಬಾರಿ ಬಿಲ್ ತೆರುತ್ತೇವೆ.

ಇಲ್ಲಿ ಸರ್ಕಾರಕ್ಕೂ ಕೆಲಸವಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ; ಮನೆಯೊಳಗಿನ ಯಂತ್ರದ ವಿಷಯದಲ್ಲಿ ಕೊಳ್ಳುವವನಿಗೆ ಕನಿಷ್ಠ ಮಾಹಿತಿಯಾದರೂ ಬೇಡವೇ? ಐರೋಪ್ಯ ಒಕ್ಕೂಟದಲ್ಲಿ ಫ್ರಿಜ್, ಬಟ್ಟೆ ಒಗೆಯುವ ಯಂತ್ರಗಳ ಇಂಧನ ಚೀಟಿಯ ಮೇಲೆ ಸದ್ದಿನ ಪ್ರಮಾಣವೂ ಇರುತ್ತದೆ. 2006ರಿಂದ ನಕ್ಷತ್ರದ ಚೀಟಿ ಅಂಟಿಸುವ ಪದ್ಧತಿ ತಂದ ನಮ್ಮ ಇಂಧನ ದಕ್ಷತಾ ಬ್ಯೂರೊ, ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯ ಮೇಲೂ ಪೂರ್ಣ ಹೊರೆಯಲ್ಲಿನ ವಾಟ್ ಹಾಗೂ ಡೆಸಿಬೆಲ್ ಎರಡನ್ನೂ ಮುದ್ರಿಸಲು ಸೂಚಿಸಬಹುದು. ಆದರೆ ಎಷ್ಟು ದೂರದಿಂದ ಅಳೆಯಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಇಲ್ಲವಾದರೆ ಪ್ರತಿ ತಯಾರಕನೂ ತನಗೆ ಅನುಕೂಲವಾದಷ್ಟು ದೂರ ನಿಂತೇ ಅಳೆಯುತ್ತಾನೆ.