ಕಾವು ಮುರಿದರೆ ಗುದ್ದಲಿ ಎಸೆಯುತ್ತೇವೆಯೇ?

ಹೆಡ್‌ಫೋನ್ ಕೆಟ್ಟಿತು ಎಂದು ನಾವು ಹೇಳುವಾಗ ಎಷ್ಟೋ ಸಲ ಕೆಟ್ಟಿರುವುದು ಅದರ ವೈರು ಮಾತ್ರ. ಸ್ಪೀಕರ್ ಚೆನ್ನಾಗಿರುತ್ತದೆ, ತಲೆಪಟ್ಟಿ ಗಟ್ಟಿಯಾಗಿರುತ್ತದೆ. ಪಿನ್ನಿನ ಬುಡದಲ್ಲೋ, ಕಿವಿಬಟ್ಟಲಿನಿಂದ ವೈರು ಹೊರಬರುವ ಜಾಗದಲ್ಲೋ ಬಾಗಿ ಬಾಗಿ ಕೂದಲೆಳೆಯಂಥ ತಾಮ್ರ ತುಂಡಾಗಿರುತ್ತದೆ. ಅಷ್ಟಕ್ಕೇ ಒಂದು ಕಿವಿ ಮೂಕ. ‘ರಿಪೇರಿ ಆಗಲ್ಲ, ಹೊಸದು ತಗೊಳ್ಳಿ’ ಎಂಬ ಉತ್ತರ ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ.

ನಮ್ಮ ಸಂಪಿಗೆ ಕಡೆಯ ತೆಂಗಿನ ತೋಟಗಳಲ್ಲಿ ಯಾರೂ ಹೀಗೆ ಯೋಚಿಸುವುದಿಲ್ಲ. ಗುದ್ದಲಿಯ ಕಾವು ಮುರಿದರೆ ಹೊಸ ಕಾವು ಹಾಕುತ್ತಾರೆ. ಪಂಪಿನ ಮೋಟಾರ್ ಸುಟ್ಟರೆ ತುರುವೇಕೆರೆಗೋ ತಿಪಟೂರಿಗೋ ಒಯ್ದು ವೈಂಡಿಂಗ್ ಮಾಡಿಸುತ್ತಾರೆ. ಬೇಗ ಸವೆಯುವ ಭಾಗ ಬಿಚ್ಚಿ ಬರುವಂತಿರಬೇಕು ಎಂಬುದು ಗುದ್ದಲಿ ಮಾಡಿದವನಿಗೆ ಗೊತ್ತಿತ್ತು. ಹೆಡ್‌ಫೋನ್ ಮಾಡುವವರಿಗೂ ಗೊತ್ತಿದೆ. ಆಡಿಯೊ-ಟೆಕ್ನಿಕಾದ ಹೆಸರಾಂತ ಎಟಿಎಚ್-ಎಂ50 ಮಾದರಿಗೆ ವೈರು ಕಾಯಂ ಆಗಿ ಸೇರಿಕೊಂಡಿತ್ತು. 2014ರಲ್ಲಿ ಬಂದ ಎಂ50ಎಕ್ಸ್‌ಗೆ ಬಿಚ್ಚಿ ಹಾಕುವ ವೈರು ಬಂತು. ನಾವು ಕೊಳ್ಳುವ ಅಗ್ಗದ ಹೆಡ್‌ಫೋನ್‌ಗಳಿಗೆ ಮಾತ್ರ ಈ ಭಾಗ್ಯ ಸಿಗುವುದು ಅಪರೂಪ.

ಆ ಭಾಗ್ಯವನ್ನು ನಾವೇ ತಂದುಕೊಳ್ಳಬಹುದು. ನಾನು ನನ್ನ ಹೆಡ್‌ಫೋನ್‌ಗೆ ಮಾಡಿಕೊಂಡಿದ್ದೇನೆ. ಬೇಕಾದದ್ದು ಮೂರು ಕಾಲಿನ 3.5 ಮಿ.ಮೀ. ಸಾಕೆಟ್, ಬೆಸುಗೆ ಕಡ್ಡಿ, ಎರಡೂ ತುದಿಗೆ ಪಿನ್ ಇರುವ ಒಂದು ಆಕ್ಸ್ ವೈರು. ಕಿವಿಮೆತ್ತೆ ತೆಗೆದರೆ ಸಾಮಾನ್ಯವಾಗಿ ಅದರಡಿ ಸ್ಕ್ರೂಗಳು ಕಾಣುತ್ತವೆ. ಬಟ್ಟಲು ಬಿಚ್ಚಿ, ಯಾವ ಬಣ್ಣದ ಎಳೆ ಎಲ್ಲಿಗೆ ಹೋಗಿದೆ ಎಂದು ಮೊದಲು ಫೋಟೊ ತೆಗೆದುಕೊಳ್ಳಿ. ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಒಂದು ಗ್ರೌಂಡ್, ಇಷ್ಟೇ ಲೆಕ್ಕ. ಹಳೆಯ ವೈರು ಕಳಚಿ, ಅದೇ ತೂತನ್ನು ನಿಧಾನವಾಗಿ ಅಗಲಿಸಿ ಸಾಕೆಟ್ ಕೂರಿಸಿ, ಮೂರು ಬೆಸುಗೆ ಹಾಕಿದರೆ ಮುಗಿಯಿತು. ಒಳಗಿನ ಎಳೆಗಳ ಮೇಲೆ ತೆಳುವಾದ ಎನಾಮೆಲ್ ಲೇಪ ಇದ್ದರೆ ಅದನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ವೈರಿನಲ್ಲೇ ಮೈಕ್ ಇರುವ ಹೆಡ್‌ಸೆಟ್‌ಗೆ ನಾಲ್ಕು ಕಾಲಿನ ಸಾಕೆಟ್ ಬೇಕು. ವಾರಂಟಿ ಇರುವುದನ್ನು, ಒಳಗೆ ಬ್ಯಾಟರಿ ಇರುವುದನ್ನು ಬಿಚ್ಚಲು ಹೋಗಬೇಡಿ.

ಸಾಕೆಟ್ಟೂ ಒಂದು ದಿನ ಸಡಿಲವಾಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಆಗ ಬದಲಿಸಬೇಕಾದದ್ದು ಸಾಕೆಟ್ಟನ್ನು ಮಾತ್ರ. ಮುನ್ನೂರು ರೂಪಾಯಿಗೆ ಹೊಸದೇ ಸಿಗುವಾಗ ಈ ಗೋಜೇಕೆ ಎಂಬ ಪ್ರಶ್ನೆಯೂ ಇದೆ. ಮನೆಯಿಂದ ಬರುವ ದುಡ್ಡಿನಲ್ಲಿ ಪಿಜಿ ಬಾಡಿಗೆ ಕಟ್ಟಿಕೊಂಡು ಕೆಲಸ ಹುಡುಕುವವರಿಗೆ ಮುನ್ನೂರು ಸಣ್ಣ ಮೊತ್ತವಲ್ಲ. ನಾಳೆ ಬೆಳಿಗ್ಗೆ ಆನ್‌ಲೈನ್ ಸಂದರ್ಶನ, ಇವತ್ತು ರಾತ್ರಿ ವೈರು ಹೋಯಿತು ಎಂದುಕೊಳ್ಳಿ. ವೈರು ಬಿಚ್ಚಿ ಬರುವುದಾದರೆ ಪಕ್ಕದ ರೂಮಿನವರಿಂದ ಒಂದು ಕೇಳಿ ಪಡೆದರೆ ಸಾಕು.

ಇದಕ್ಕಿಂತ ದೊಡ್ಡ ಮಾತೊಂದಿದೆ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಮೊಬೈಲ್, ವಾಹನ, ಗೃಹೋಪಯೋಗಿ ವಸ್ತುಗಳ ಜೊತೆ ಕೃಷಿ ಉಪಕರಣಗಳೂ ಅದರ ಪಟ್ಟಿಯಲ್ಲಿವೆ. ಅದೇ ವರ್ಷದ ಡಿಸೆಂಬರ್ 24ರಂದು ಇದಕ್ಕಾಗಿ ಪೋರ್ಟಲ್ ಕೂಡ ಶುರುವಾಯಿತು. ಆದರೆ ಬಿಚ್ಚಲು ಬಾರದ ಕೈಗೆ ರಿಪೇರಿಯ ಹಕ್ಕು ಕೊಟ್ಟು ಏನು ಪ್ರಯೋಜನ? ಎಲೆಕ್ಟ್ರಾನಿಕ್ಸ್ ಓದಿಯೂ ಬೆಸುಗೆ ಕಡ್ಡಿ ಹಿಡಿಯದೆ ಡಿಪ್ಲೊಮಾ ಮುಗಿಸುವವರು ನಮ್ಮಲ್ಲಿದ್ದಾರೆ. ಅವರಿಗೆ ಮೂರು ಬೆಸುಗೆಯ ಈ ಕೆಲಸಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ.

ಮುಂದಿನ ಸಲ ಹೆಡ್‌ಫೋನ್ ಕೊಳ್ಳುವಾಗ ಬಣ್ಣ, ಬೇಸ್ ವಿಚಾರಿಸುವ ಮೊದಲು ಒಂದು ಪ್ರಶ್ನೆ ಕೇಳೋಣ: ‘ಇದರ ವೈರು ಬಿಚ್ಚಿ ಬರುತ್ತಾ?’ ಹತ್ತು ಜನ ಕೇಳಿದರೆ ಅಂಗಡಿಯವರು ಅಂಥದ್ದನ್ನೇ ತರಿಸಿಡುತ್ತಾರೆ.