ಕಂಟೆಸ್ಸಾದ ಮುಂದಿನ ಗಾಲಿ ಮತ್ತು ನಮ್ಮ ಅಪ್‌ಗ್ರೇಡ್ ಹುಚ್ಚು

ಹಳೇ ಕಂಟೆಸ್ಸಾ ಕೊಂಡವರು ಮೊದಲು ಮಾಡೋ ಕೆಲಸ ಯಾವುದು ಹೇಳಿ ನೋಡೋಣ. ಗಾಡಿ ಕೆಳಗೆ ಮಲಗಿ ಬುಷ್ ನೋಡೋದಾ? ಊಹೂಂ. ಹದಿನೇಳು ಇಂಚಿನ ಅಲಾಯ್ ವ್ಹೀಲಿಗೆ ರೇಟು ಕೇಳೋದು. ಆಮೇಲೆ ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸೋದು. ಅದಾದ ಮೇಲೆ "ಸ್ಟೇರಿಂಗ್ ಭಾಳ ಜಡ ಐತಿ" ಅಂತ ಪವರ್ ಸ್ಟೇರಿಂಗ್ ಹುಡುಕೋದು. ಈ ಮೂರನೇ ಖರ್ಚು ಹುಟ್ಟಿದ್ದೇ ಮೊದಲನೇ ಖರ್ಚಿನಿಂದ ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

ಇಷ್ಟು ಸಿಟ್ಟು ಯಾಕಪ್ಪಾ ಅಂದ್ರೆ, ಕೊಣ್ಣೂರಲ್ಲಿರೋ ನಮ್ಮ ಕಾಕಾನ ಮಗ ಕೊಲ್ಹಾಪುರ ಕಡೆಯಿಂದ 1996ರ ಒಂದು ಬಿಳೀ ಕಂಟೆಸ್ಸಾ ತಂದಿದ್ದಾನೆ. 1.8 ಲೀಟರಿನ ಇಸುಜು ಇಂಜಿನ್. ಬಾಡಿ ಚೆನ್ನಾಗಿದೆ, ಇಂಜಿನ್ನೂ ಪರವಾಗಿಲ್ಲ. ಮುಂದಿನ ಎಡಗಾಲಿ ಮಾತ್ರ ಕೈಯಲ್ಲಿ ಹಿಡಿದು ಅಲುಗಾಡಿಸಿದ್ರೆ ಅಲುಗಾಡುತ್ತೆ! ಇದನ್ನ ಹೇಳಿದ್ರೆ ಅವನ ಉತ್ತರ: "ಅಣ್ಣಾ, ಈಗಿನ ಕಾಲದಾಗ ಯಾರ್ ಬುಷ್ ಬಗ್ಗೆ ಮಾತಾಡ್ತಾರ? ಫೋಟೊದಾಗ ಬುಷ್ ಕಾಣ್ತಾವೇನು?"

ಫೋಟೊದಾಗ ಕಾಣಂಗಿಲ್ಲ, ಖರೆ. ಗೋಕಾಕದಿಂದ ಫಾಲ್ಸ್ ಕಡೆ ಏರೋ ತಿರುವಿನಲ್ಲಿ ಕಾಣ್ತಾವೆ. ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಎಂಟರ ಮೇಲೆ ಆ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು, ಎರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರು, ಹಿಂದೆ ಒಂದು ರೆಡ್ ಲೈಟೂ ಇಲ್ಲ. ಹತ್ತಿರ ಬಂದ ಮೇಲೇ ಕಾಣೋದು. ಆಗ ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಲಿ ತಿರುಗಬೇಕು, ಎರಡು ಇಂಚು ಖಾಲಿ ತಿರುಗಿ ಆಮೇಲೆ ಅಲ್ಲ.

ಕಂಟೆಸ್ಸಾವನ್ನ ಇಂಡಿಯಾದ ಮಸಲ್ ಕಾರ್ ಅಂತ ಕರೀತಾರೆ. ಉದ್ದ ಮೂತಿ, ಅಗಲ ಬಾನೆಟ್ಟು ನೋಡಿ ಕರೆದ ಹೆಸರು. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಇದನ್ನ ತಂದಾಗ ಒಳಗಿದ್ದದ್ದು ಅಂಬಾಸಿಡರಿನದೇ 1489 ಸಿಸಿ ಇಂಜಿನ್, ಸುಮಾರು 50 ಕುದುರೆಯ ಶಕ್ತಿ. ಮಸಲ್ ಎಲ್ಲಾ ಅಂಗಿಯಲ್ಲೇ ಇತ್ತು :) ಇಸುಜು ಇಂಜಿನ್ ಬಂದ ಮೇಲೆ ಸ್ವಲ್ಪ ಜೀವ ಬಂತು. ಆದರೆ ಅಡಿಪಾಯ ಮಾತ್ರ ಒಳ್ಳೇದು. ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್, 1970ರ ದಶಕದ ಗಾಡಿ. ಮುಂದೆ ಎರಡು ವಿಶ್‌ಬೋನು, ಕಾಯಿಲ್ ಸ್ಪ್ರಿಂಗು. ಅಂಬಾಸಿಡರಿನ ಟಾರ್ಷನ್ ಬಾರ್ ಹಾಗಲ್ಲ. ಇಂಥ ವಿನ್ಯಾಸ ಇರೋ ಗಾಡಿಯ ಮುಂಭಾಗ ಕಿತ್ತು ಎಸೆಯೋ ಮುಂಚೆ, ಅದು ಹೊಸದಾಗಿದ್ದಾಗ ಹೇಗೆ ಓಡುತ್ತಿತ್ತು ಅಂತ ಒಂದು ಸಲ ತಿಳ್ಕೊಳ್ಳೋದು ಬೇಡವಾ?

ಈಗ ಅಲಾಯ್ ವಿಷಯ. ಗಾಲಿ ತಿರುಗೋ ಅಕ್ಷದ ಗೆರೆಯನ್ನ ಕೆಳಗೆ ಎಳೆದರೆ ಅದು ನೆಲಕ್ಕೆ ಒಂದು ಕಡೆ ಮುಟ್ಟುತ್ತೆ. ಆ ಜಾಗಕ್ಕೂ ಟೈರಿನ ನಡುಮಧ್ಯಕ್ಕೂ ಇರೋ ಅಂತರವೇ ಸ್ಕ್ರಬ್ ರೇಡಿಯಸ್. ಕಂಪನಿಯವರು ಇದನ್ನ ಲೆಕ್ಕ ಹಾಕಿ ಇಟ್ಟಿರ್ತಾರೆ. ಹೊರಗೆ ಚಾಚಿದ ಅಗಲ ರಿಮ್ ಹಾಕಿದ ಕೂಡಲೇ ಅಂತರ ಹೆಚ್ಚಾಯ್ತು. ಒಂದು ಗುಂಡಿಗೆ ಬಿದ್ದರೂ ಸ್ಟೇರಿಂಗ್ ಕೈ ಜಗ್ಗುತ್ತೆ, ನಿಂತಲ್ಲಿ ತಿರುಗಿಸೋಕೆ ಭುಜ ನೋಯುತ್ತೆ, ಬೇರಿಂಗು, ಬಾಲ್ ಜಾಯಿಂಟಿನ ಮೇಲೆ ಭಾರ ಬೀಳುತ್ತೆ. ಇಷ್ಟೆಲ್ಲಾ ಆದಮೇಲೆ ನಮ್ಮ ಹುಡುಗ ಅಂತಾನೆ, ಹಳೇ ಕಾಲದ ಗಾಡಿ ನೋಡಣ್ಣಾ, ಜಡ ಇರೋದ. ಅಲ್ಲೋ ಮಾರಾಯಾ, ಜಡ ಮಾಡಿದ್ದು ನೀನು!

ಪವರ್ ಸ್ಟೇರಿಂಗಿಗೆ ಈಗ ನಡೀತಿರೋ ಸುಲಭ ದಾರಿ ಅಂದ್ರೆ ಯಾವುದೋ ಸಣ್ಣ ಕಾರಿನ ಎಲೆಕ್ಟ್ರಿಕ್ ಕಾಲಂ ಗುಜರಿಯಿಂದ ತಂದು ವೆಲ್ಡ್ ಮಾಡಿ ಕೂರಿಸೋದು. ಆ ಕಾಲಂಗೆ ಗಾಡಿಯ ವೇಗ ಎಷ್ಟು ಅಂತ ಸಿಗ್ನಲ್ ಬೇಕು. ನಿಧಾನದಲ್ಲಿ ಹೆಚ್ಚು ಸಹಾಯ, ವೇಗದಲ್ಲಿ ಕಡಿಮೆ, ಅದು ಅದರ ಕೆಲಸ. ಕಾರ್ಬ್ಯುರೇಟರಿನ ಕಂಟೆಸ್ಸಾದಲ್ಲಿ ಅದಕ್ಕೆ ಆ ಸಿಗ್ನಲ್ ಕೊಡೋರು ಯಾರು? ಸಿಗ್ನಲ್ ಇಲ್ಲದಿದ್ರೆ ಎಲ್ಲಾ ವೇಗದಲ್ಲೂ ಒಂದೇ ಸಹಾಯ ಕೊಡ್ತಾ ಕೂರಬಹುದು. ಇನ್‌ಪುಟ್ ಬಾರದೇ ಡಿಫಾಲ್ಟ್ ವ್ಯಾಲ್ಯೂ ಮೇಲೆ ಓಡೋ ಪ್ರೋಗ್ರಾಮನ್ನ ನೇರ ಪ್ರೊಡಕ್ಷನ್ನಿಗೆ ಬಿಟ್ಟ ಹಾಗೆ. ನಮ್ಮ ಆಫೀಸಲ್ಲಿ ಹಾಗೆ ಮಾಡಿದ್ರೆ ಸರ್ವರ್ ಬೀಳುತ್ತೆ ಅಷ್ಟೇ. ಇಲ್ಲಿ ಎಂಬತ್ತರ ವೇಗದಲ್ಲಿ ಬೆರಳಲ್ಲಿ ತಿರುಗೋ ಸ್ಟೇರಿಂಗು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸವೆದ ಎಂಡು, ಸವೆದ ಬಾಲ್ ಜಾಯಿಂಟು ಮೊದಲು ಹೇಳೋದು ನಮ್ಮ ಅಂಗೈಗೆ. ಕಟಕ್ ಅನ್ನುತ್ತೆ, ನಡುಗುತ್ತೆ, ಎಳೆಯುತ್ತೆ. ಮೇಲೊಂದು ಮೋಟಾರು ಕೂರಿಸಿದ್ರೆ ಆ ಮಾತು ಅರ್ಧಕ್ಕರ್ಧ ಕೇಳಿಸೋದೇ ಇಲ್ಲ. ಜಾಯಿಂಟು ಸವೆಯೋದು ನಿಂತಿರಲ್ಲ, ಹೇಳೋದು ನಿಂತಿರುತ್ತೆ.

ಗೋಕಾಕದಲ್ಲಿ ನನಗೆ ಪರಿಚಯದ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ಅವರದು ಒಂದೇ ಮಾತು, "ಮೊದಲ ಗಾಡಿ ಎತ್ತಿ ಗಾಲಿ ಅಲುಗಾಡ್ಸಿ ನೋಡ್ರಿ, ಆಮ್ಯಾಲ ರೊಕ್ಕದ ಮಾತು." ಗಾಲಿಯನ್ನ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟ ಇದ್ರೆ ಬಾಲ್ ಜಾಯಿಂಟೋ ಬೇರಿಂಗೋ. ಯಾರಿಗಾದ್ರೂ ಬ್ರೇಕ್ ತುಳಿಯೋಕೆ ಹೇಳಿ, ಆಟ ಹೋಯ್ತಾ? ಹಾಗಿದ್ರೆ ಬೇರಿಂಗು. ಎಡ ಬಲ ಹಿಡಿದಾಗ ಆಟ ಇದ್ರೆ ಟೈ ರಾಡ್ ಎಂಡಿನ ಕಡೆ ನೋಡಿ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದ ನಾನು ನಾಲ್ಕು ವರ್ಷದ ಕಾಲೇಜಿನಲ್ಲಿ ಒಂದು ಸಲವೂ ಇದನ್ನ ಮಾಡಿ ನೋಡಿರಲಿಲ್ಲ, ನಮ್ಮ ಸಿಲಬಸ್ಸು ಅಷ್ಟು ಚೆನ್ನ.

ಅವರಿಂದಲೇ ತಿಳಿದ ಇನ್ನೊಂದು ಸಂಗತಿ. ವಿಶ್‌ಬೋನಿನ ರಬ್ಬರ್ ಬುಷ್ ಹಾಕುವಾಗ ಗಾಡಿ ಜ್ಯಾಕ್ ಮೇಲೆ, ಗಾಲಿ ಜೋತಾಡ್ತಾ ಇರುವಾಗಲೇ ಬೋಲ್ಟ್ ಬಿಗಿ ಮಾಡ್ತಾರೆ, ಬಹಳ ಕಡೆ ಹೀಗೇ. ಗಾಡಿ ಕೆಳಗಿಳಿದ ಕೂಡಲೇ ರಬ್ಬರು ತಿರುಚಿಕೊಂಡೇ ನಿಲ್ಲುತ್ತೆ, ಬೇಗ ಹರಿಯುತ್ತೆ. ಆಮೇಲೆ "ರಬ್ಬರ್ ಬುಷ್ ಬಾಳಿಕೆ ಬರಂಗಿಲ್ಲ" ಅಂತ ದುಬಾರಿ ಪಾಲಿಯುರೆಥೇನ್ ಬುಷ್ ಮಾರ್ತಾರೆ. ಗಾಡಿಯ ಭಾರ ಪೂರ್ತಿ ಗಾಲಿ ಮೇಲೆ ಬಿಟ್ಟು, ಅದರ ಸಹಜ ಎತ್ತರದಲ್ಲಿ ಬೋಲ್ಟ್ ಬಿಗಿ ಮಾಡಬೇಕು. ಇದಕ್ಕೆ ಖರ್ಚು ಸೊನ್ನೆ.

ಖರ್ಚಿಲ್ಲದ ಬದಲಾವಣೆ ಅಂದಾಗ ನೆನಪಾಯ್ತು. ಅಮೆರಿಕದ ಅಸಲಿ ಮಸಲ್ ಕಾರಿನವರು ಏನು ಮಾಡಿದ್ರು ಗೊತ್ತಾ? 1965ರ ಶೆಲ್ಬಿ ಜಿಟಿ350, ಅಂದ್ರೆ ರೇಸಿಗಾಗಿ ತಿದ್ದಿದ ಮಸ್ಟಾಂಗ್, 306 ಕುದುರೆ. ಅದರ ಮುಂದಿನ ಮೇಲ್ಗಡೆ ಆರ್ಮ್ ಕೂರೋ ತೂತುಗಳನ್ನ ಸುಮಾರು ಒಂದು ಇಂಚು ಕೆಳಗೆ ಕೊರೆದ್ರು. ಫೋರ್ಡಿನ ಕ್ಲಾಸ್ ಆರ್ನಿಂಗ್ ಅನ್ನೋ ಇಂಜಿನಿಯರಿನ ಲೆಕ್ಕ ಅದು. ತಿರುವಿನಲ್ಲಿ ಟೈರು ನೆಲಕ್ಕೆ ಸರಿಯಾಗಿ ಕೂರೋ ಹಾಗಾಯ್ತು. ಅವರು ಕೊರೆದರು ಅಂತ ನಾವೂ ಕೊಣ್ಣೂರಲ್ಲಿ ಡ್ರಿಲ್ ಹಿಡಿಯೋದಲ್ಲ ಮತ್ತೆ! ಅವರ ಹತ್ತಿರ ಲೆಕ್ಕ ಇತ್ತು, ನಮ್ಮ ಹತ್ತಿರ ಡ್ರಿಲ್ ಮಾತ್ರ ಇದೆ. ಲೆಕ್ಕ ಇಲ್ಲದೇ ಬೇರೆ ಗಾಡಿಯ ಸ್ಟೇರಿಂಗ್ ರ‍್ಯಾಕ್ ಅರ್ಧ ಇಂಚು ಮೇಲೆ ಕೂರಿಸಿದ್ರೆ, ಗಾಲಿ ಗುಂಡಿಗೆ ಇಳಿದಾಗ ಟೈ ರಾಡ್ ಒಂದು ಕಡೆ, ವಿಶ್‌ಬೋನ್ ಇನ್ನೊಂದು ಕಡೆ ಎಳೆದು ಗಾಲಿ ತಾನೇ ತಿರುಗುತ್ತೆ. ನೀವು ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದರೂ.

ಹಾಗಂತ ಉತ್ತರಪಾರಾದಿಂದ ಬಂದದ್ದೆಲ್ಲ ದೇವರ ಪ್ರಸಾದ, ಒಂದು ನಟ್ಟೂ ಬದಲಿಸಬಾರದು ಅನ್ನೋ ಮಡಿವಂತರ ಜೊತೆಗೂ ನಾನಿಲ್ಲ. ಕಂಪನಿಯೇ ಇಂಜಿನ್ ಬದಲಿಸಿತ್ತಲ್ಲ. ಸರಿ ಅಳತೆಯ ಒಳ್ಳೇ ರೇಡಿಯಲ್ ಟೈರು, ಒಳ್ಳೇ ಶಾಕಪ್ಪು ಹಾಕಿ, ಬ್ರೇಕು ಪಕ್ಕಾ ಮಾಡಿ, ಅಲೈನ್‌ಮೆಂಟ್ ಮಾಡಿಸಿ. ಇಷ್ಟೂ ಆದಮೇಲೂ ಪಾರ್ಕಿಂಗಿನಲ್ಲಿ ಭುಜ ನೋಯುತ್ತಾ? ಆಗ ಪವರ್ ಸ್ಟೇರಿಂಗ್ ಹಾಕಿಸಿ, ಯಾರು ಬೇಡ ಅಂದ್ರು.

ಕಾನೂನೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗೆ, ಅಂದ್ರೆ ಮೊಟ್ಟಮೊದಲ ಕಂಟೆಸ್ಸಾಕ್ಕೂ 2034ರ ತನಕ ಸಿಗಲ್ಲ. ಅಲ್ಲೂ ಗಾಡಿ ಮೂಲ ರೂಪದಲ್ಲೇ ಇರಬೇಕು.

ನಮ್ಮ ಹುಡುಗನ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. "ಅಣ್ಣಾ, 2002ಕ್ಕ ಗಾಡೀನ ಬಂದ್ ಆತು, ಸಾಮಾನ ಎಲ್ಲಿ ತರ್ಲಿ?" ಬುಷ್ ಆದ್ರೆ ಲೇಥಿನಲ್ಲಿ ತೋಳು ತಿರುವಿಸಿ ಬೇರೆ ಗಾಡಿಯದ್ದನ್ನ ಒತ್ತಿ ಕೂರಿಸಬಹುದು. ಬಾಲ್ ಜಾಯಿಂಟು ಹಾಗಲ್ಲ. ಅದನ್ನ ವೆಲ್ಡ್ ಮಾಡಿ ಓಡಿಸೋರೂ ಇದ್ದಾರೆ, ದಯವಿಟ್ಟು ಅಂಥ ಗಾಡಿಯಲ್ಲಿ ಯಾರೂ ಕೂರಬೇಡಿ. ಸದ್ಯ ಅಲಾಯ್‌ಗೆ ಕೊಡಬೇಕಿದ್ದ ಅಡ್ವಾನ್ಸ್ ಇನ್ನೂ ಅವನ ಜೇಬಲ್ಲೇ ಇದೆ, ಗಾಡಿ ಮಿಸ್ತ್ರಿ ಕಾಕಾರ ಶೆಡ್ಡಿನಲ್ಲಿ ಇಟ್ಟಿಗೆ ಮೇಲೆ ನಿಂತಿದೆ. ಕಾರ್ಖಾನೆಗಳು ಕಬ್ಬು ಅರೆಯೋಕೆ ಶುರು ಮಾಡೋದ್ರೊಳಗೆ ಮುಂದಿನ ಎಡಗಡೆಯ ಕೆಳಗಿನ ಬಾಲ್ ಜಾಯಿಂಟು ಸಿಗಬೇಕು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಎಲ್ಲೇ ಆಗಲಿ, ಹಳೇ ಸ್ಟಾಕಿನ ಡಬ್ಬಿ ಒಡೆಯದ ಸಾಮಾನು ಯಾರ ಅಂಗಡಿಯಲ್ಲಾದ್ರೂ ಕಂಡಿದ್ರೆ ಒಂದು ಮಾತು ತಿಳಿಸಿ.