ಮನೆಯ ದೃಶ್ಯ ವಿತರಣಾ ವ್ಯವಸ್ಥೆ: ಸರಕೋ, ಕಾಮಗಾರಿಯೋ?

ಟೆಲಿವಿಷನ್ ಮಾರಾಟವು ನಮ್ಮ ಪೇಟೆಯಲ್ಲಿ ಬಹುಕಾಲದಿಂದ ಪೆಟ್ಟಿಗೆಯ ವ್ಯಾಪಾರವಾಗಿಯೇ ನಡೆದುಬಂದಿದೆ. ಗ್ರಾಹಕನು ಅಂಗಡಿಗೆ ಬಂದು, ಬೆಲೆಯನ್ನು ಚೌಕಾಸಿ ಮಾಡಿ, ಪೆಟ್ಟಿಗೆಯನ್ನು ಒಯ್ಯುತ್ತಾನೆ. ಮರುದಿನ ಹುಡುಗನೊಬ್ಬ ಹೋಗಿ ಅದನ್ನು ಗೋಡೆಗೆ ತೂಗುಹಾಕಿ ಬರುತ್ತಾನೆ. ಆದರೆ ಇಡೀ ಮನೆಗೆ ಒಂದೇ ಕಡೆಯಿಂದ ದೃಶ್ಯಗಳನ್ನು ಹಂಚಿ, ಪ್ರತಿ ಕೋಣೆಯ ಗೋಡೆಯಲ್ಲಿರುವ ಕೀಪ್ಯಾಡಿನ ಗುಂಡಿಗಳಿಂದ ಅದನ್ನು ನಿಯಂತ್ರಿಸುವ ವ್ಯವಸ್ಥೆಯು ಪೆಟ್ಟಿಗೆಯ ವ್ಯಾಪಾರವಲ್ಲ. ವಿಜಯಪುರ ನಗರದ ಹೊಸ ಬಡಾವಣೆಗಳಲ್ಲಾಗಲಿ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರ ದೊಡ್ಡ ಮನೆಗಳಲ್ಲಾಗಲಿ ಇಂತಹ ಕೆಲಸವನ್ನು ಕೈಗೊಳ್ಳುವ ವರ್ತಕನು ಅದನ್ನು ಹಳೆಯ ಬಿಲ್ಲು ಪುಸ್ತಕದಲ್ಲಿಯೇ ಬರೆದರೆ ಲಾಭವನ್ನೂ ಕಳೆದುಕೊಳ್ಳುತ್ತಾನೆ, ಕಾನೂನಿನ ತೊಡಕನ್ನೂ ತಂದುಕೊಳ್ಳುತ್ತಾನೆ.

ವ್ಯವಸ್ಥೆಯ ತಿರುಳು ಸರಳವಾದುದೇ. ಸೆಟ್‌ಟಾಪ್ ಬಾಕ್ಸ್, ಡಿವಿಡಿ ಅಥವಾ ಸ್ಟ್ರೀಮಿಂಗ್ ಸಾಧನ, ಬಾಗಿಲ ಬಳಿಯ ಕ್ಯಾಮೆರಾ ಇವೆಲ್ಲವೂ ಒಂದು ಕಪಾಟಿನಲ್ಲಿರುವ ಮ್ಯಾಟ್ರಿಕ್ಸ್ ಸ್ವಿಚರ್‌ಗೆ ಬಂದು ಸೇರುತ್ತವೆ. ನಾಲ್ಕು ಮೂಲಗಳ ಪೈಕಿ ಯಾವುದನ್ನು ಬೇಕಾದರೂ ನಾಲ್ಕು ಪರದೆಗಳ ಪೈಕಿ ಯಾವುದಕ್ಕೆ ಬೇಕಾದರೂ ಕಳುಹಿಸುವುದು ಅದರ ಕೆಲಸ. ಅಲ್ಲಿಂದ ಕ್ಯಾಟ್-6 ಕೇಬಲ್‌ಗಳು ಗೋಡೆಯೊಳಗಿನ ಪೈಪಿನ ಮೂಲಕ ಕೋಣೆಕೋಣೆಗೆ ಹೋಗುತ್ತವೆ. ಎಚ್‌ಡಿಬೇಸ್‌ಟಿ ಎಂಬ ಪದ್ಧತಿಯಲ್ಲಿ ಒಂದೇ ಕೇಬಲ್ ಸುಮಾರು 100 ಮೀಟರ್ ದೂರದವರೆಗೆ ಚಿತ್ರ, ಧ್ವನಿ, ನಿಯಂತ್ರಣ ಸಂಕೇತ ಮೂರನ್ನೂ ಒಯ್ಯಬಲ್ಲದು. ಕೀಪ್ಯಾಡಿನ ಗುಂಡಿಯನ್ನು ಒತ್ತಿದಾಗ ಪರದೆ ಹೊತ್ತಿಕೊಂಡು, ಮೂಲವು ಬದಲಾಗಿ, ಧ್ವನಿಯು ಹಿಂದೆ ಇದ್ದ ಮಟ್ಟಕ್ಕೆ ಬರುತ್ತದೆ. ತೊರವಿಯಿಂದಲೂ ಬೇಗಂ ತಲಾಬದಿಂದಲೂ ಬಂದ ನೀರನ್ನು ಗಂಜ್ ಎಂಬ ಗೋಪುರಗಳ ಮೂಲಕ, ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹಂಚಿದ ಆದಿಲ್‌ಶಾಹಿ ಊರಿನವರಿಗೆ ಈ ಕಲ್ಪನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದು ಎಲ್ಲರಿಗೂ ಬೇಕಾದ ವಸ್ತುವೇ ಎಂದರೆ, ಅಲ್ಲ. ಎರಡು ಟೆಲಿವಿಷನ್ ಇರುವ ಮನೆಗೆ ಇಂತಹ ವ್ಯವಸ್ಥೆಯನ್ನು ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯವೇ ಸರಿ; ಇಂದಿನ ಸ್ಮಾರ್ಟ್ ಟಿ.ವಿ.ಯೇ ಅಲ್ಲಿ ಸಾಕು. ಎಲ್ಲವನ್ನೂ ಮೊಬೈಲಿನಿಂದಲೇ ನಡೆಸಬಹುದಲ್ಲ ಎಂಬ ವಾದವೂ ಇದೆ. ಆದರೆ ಮನೆಯ ಯಜಮಾನ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡು ದ್ರಾಕ್ಷಿ ತೋಟಕ್ಕೆ ಹೋದ ಮೇಲೆ, ಮೂರು ರಿಮೋಟುಗಳ ನಡುವೆ ತಬ್ಬಿಬ್ಬಾಗುವ ವೃದ್ಧರಿಗೆ ಆಸರೆಯಾಗುವುದು ಗೋಡೆಯಲ್ಲಿಯೇ ಉಳಿಯುವ ಗುಂಡಿ. ಅವಿಭಕ್ತ ಕುಟುಂಬದ ದೊಡ್ಡ ಮನೆಗಳಲ್ಲಿ ಈ ಅನುಕೂಲಕ್ಕೆ ಬೆಲೆಯಿದೆ.

ಬೆಲೆಯಿರುವುದು ಯಾವುದಕ್ಕೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಸ್ವಿಚರ್, ಕೀಪ್ಯಾಡ್, ಟೆಲಿವಿಷನ್ ಇವುಗಳ ದರವನ್ನು ಗ್ರಾಹಕನು ಅಂತರ್ಜಾಲದಲ್ಲಿ ನೋಡಿಕೊಂಡೇ ಬರುತ್ತಾನೆ. ಅಲ್ಲಿ ವರ್ತಕನಿಗೆ ಉಳಿಯುವ ಅಂಚು ತೀರಾ ಕಡಿಮೆ. ಉಳಿತಾಯವಿರುವುದು ಗಿಲಾವಿಗೆ ಮುನ್ನ ಪೈಪು ಹಾಕಿಸುವ ಯೋಜನೆಯಲ್ಲಿ, ಯಾವ ಗುಂಡಿಗೆ ಯಾವ ಕೆಲಸ ಎಂದು ಬರೆಯುವ ಪ್ರೋಗ್ರಾಮಿನಲ್ಲಿ ಮತ್ತು ಮುಂದಿನ ವರ್ಷಗಳ ನಿರ್ವಹಣೆಯಲ್ಲಿ. ಈ ಮೂರನ್ನು ಸ್ಥಳೀಯ ವರ್ತಕನು ಕಲಿಯದಿದ್ದರೆ ಪುಣೆ, ಬೆಂಗಳೂರಿನ ಸಂಸ್ಥೆಗಳು ಬಂದು ಮಾಡಿಕೊಟ್ಟು ಹೋಗುತ್ತವೆ. ತಿಕೋಟಾದ ಒಣದ್ರಾಕ್ಷಿಯು ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗಿ ಅಲ್ಲಿನ ದಲಾಲಿ, ಹಮಾಲಿ, ಬಾಡಿಗೆಗಳನ್ನು ಬೆಳೆಸಿದ ಬಗೆಯನ್ನು ಈ ಜಿಲ್ಲೆಯ ವರ್ತಕರು ಬಲ್ಲರು. ಬೆಳೆ ಇಲ್ಲಿಯದು, ಗಳಿಕೆಯ ದೊಡ್ಡ ಪಾಲು ಅಲ್ಲಿಯದು. ಗೋಡೆ ಇಲ್ಲಿಯದಾಗಿ, ಗುಂಡಿಯ ಗಳಿಕೆ ಹೊರಗಿನದಾಗುವುದೂ ಅದೇ ಬಗೆಯ ಸೋರಿಕೆ. ಇದರ ಜೊತೆಗೆ ಗ್ರಾಹಕನ ಕಷ್ಟವೊಂದಿದೆ. ಪ್ರೋಗ್ರಾಮಿನ ಕಡತವನ್ನು ಹಸ್ತಾಂತರಿಸದೆ ಹೋದ ಸಂಸ್ಥೆಯನ್ನು, ಒಂದು ಸೆಟ್‌ಟಾಪ್ ಬಾಕ್ಸ್ ಬದಲಾದಾಗಲೂ, ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಿಂದ ಮತ್ತೆ ಕರೆಸಬೇಕಾಗುತ್ತದೆ.

ಇನ್ನು ತೆರಿಗೆಯ ವಿಚಾರ. ಮಾರಾಟ ತೆರಿಗೆಯ ಕಾಲದಿಂದಲೂ ಅಳವಡಿಕೆಯ ಕೆಲಸವು ಸರಕೋ, ಕಾಮಗಾರಿ ಗುತ್ತಿಗೆಯೋ ಎಂಬ ವಿವಾದವಿದೆ. ಲಿಫ್ಟುಗಳ ಅಳವಡಿಕೆಯನ್ನು 2005ರಲ್ಲಿ ಸರಕಿನ ಮಾರಾಟವೆಂದಿದ್ದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಕೋನೆ ಎಲಿವೇಟರ್ ಪ್ರಕರಣದಲ್ಲಿ ಸಂವಿಧಾನ ಪೀಠದ ಮೂಲಕ ಅದನ್ನು ಕಾಮಗಾರಿ ಗುತ್ತಿಗೆಯೆಂದು ತೀರ್ಮಾನಿಸಿತು. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಕಾಮಗಾರಿ ಗುತ್ತಿಗೆಯನ್ನು ಸ್ಥಿರಾಸ್ತಿಗೆ ಮಾತ್ರ ಸೀಮಿತಗೊಳಿಸಿ, ಅದನ್ನು ಸೇವೆಯೆಂದು ಪರಿಗಣಿಸಲಾಗಿದೆ. ಗೋಡೆಯೊಳಗೆ ಹೂತ ತಂತಿಯೂ ಅದಕ್ಕೆ ಹೊಂದಿಕೊಂಡ ಕೀಪ್ಯಾಡೂ ಕಟ್ಟಡದ ಭಾಗವೆನಿಸುವ ಸಂಭವವೇ ಹೆಚ್ಚು. ತೂಗುಹಾಕಿದ ಟೆಲಿವಿಷನ್ನು ಬಿಚ್ಚಿ ಒಯ್ಯಬಹುದಾದ ಸರಕು.

32 ಅಂಗುಲಕ್ಕಿಂತ ದೊಡ್ಡ ಟೆಲಿವಿಷನ್ನಿಗೆ ಶೇ. 28 ಇದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದ ಮೇಲೆ, ಸರಕಿಗೂ ಇಂತಹ ಕಾಮಗಾರಿಗೂ ದರ ಒಂದೇ ಆಯಿತು. ದರವೇ ಒಂದಾದ ಮೇಲೆ ವರ್ಗೀಕರಣದ ಚಿಂತೆ ಏಕೆ ಎಂದು ಅನೇಕರು ಕೇಳುತ್ತಾರೆ. ಈ ನಿರಾಳತೆಯೇ ಅಪಾಯಕಾರಿ.

ಮೊದಲನೆಯದು ನೋಂದಣಿಯ ಮಿತಿ. ಕೇವಲ ಸರಕುಗಳನ್ನೇ ಪೂರೈಸುವ ವರ್ತಕನಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂಪಾಯಿ. ಸೇವೆಯನ್ನೂ ಒದಗಿಸುವವನಿಗೆ 20 ಲಕ್ಷ. ವರ್ಷಕ್ಕೆ 30 ಲಕ್ಷದ ವಿದ್ಯುತ್ ಸಾಮಾನು ಮಾರುವ ಅಂಗಡಿಯವನು ನೋಂದಣಿ ಬೇಕಿಲ್ಲವೆಂದು ಕುಳಿತಿರುತ್ತಾನೆ. ಅವನೇ ನಾಲ್ಕು ಮನೆಗಳಿಗೆ ಕೀಪ್ಯಾಡ್ ಅಳವಡಿಸಿ ಕೂಲಿ ಪಡೆದರೆ, ಕೂಲಿಯ ಮೊತ್ತವು ಎಷ್ಟೇ ಸಣ್ಣದಿರಲಿ, 40 ಲಕ್ಷದ ಆಸರೆ ತಪ್ಪಿಹೋಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿದಾಗ ಉಂಟಾದ ಗಾಬರಿಯನ್ನು ನೆನೆದರೆ ಇದು ಪುಸ್ತಕದ ಮಾತಲ್ಲವೆಂಬುದು ತಿಳಿಯುತ್ತದೆ.

ಎರಡನೆಯದು ಮುಂಗಡ. ಮನೆ ಕಟ್ಟುವಾಗಲೇ ಒಪ್ಪಂದವಾಗುವುದರಿಂದ ಈ ಕೆಲಸದಲ್ಲಿ ಮುಂಗಡ ಹಣ ಸಾಮಾನ್ಯ. ಸರಕಿನ ಮುಂಗಡಕ್ಕೆ 2017ರ ನವೆಂಬರ್ 15ರಿಂದ ಬಿಲ್ಲು ಮಾಡುವವರೆಗೆ ತೆರಿಗೆ ಇಲ್ಲ. ಸೇವೆಯ ಮುಂಗಡಕ್ಕೆ ಹಣ ಕೈಸೇರಿದ ಕೂಡಲೇ ತೆರಿಗೆ ಬೀಳುತ್ತದೆ. ಗಿಲಾವಿನ ಹಂತದಲ್ಲಿ ಪಡೆದ ಎರಡು ಲಕ್ಷಕ್ಕೆ ಗೃಹಪ್ರವೇಶದ ನಂತರ ತೆರಿಗೆ ಕಟ್ಟಿದವನು ನಡುವಿನ ತಿಂಗಳುಗಳ ಬಡ್ಡಿಯನ್ನೂ ತೆರಬೇಕಾದೀತು.

ಶೀತಲಗೃಹ ಅಥವಾ ಕಾರ್ಖಾನೆಯ ಮಾಲೀಕರು ಮನೆಯ ಈ ವೆಚ್ಚವನ್ನು ಸಂಸ್ಥೆಯ ಹೆಸರಿನಲ್ಲಿ ಬರೆಸಿ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದೆಂದು ಭಾವಿಸುವುದುಂಟು. ವೈಯಕ್ತಿಕ ಬಳಕೆಗೆ ಆ ಜಮೆ ಇಲ್ಲ. ಬಿಲ್ಲು ಬರೆದುಕೊಟ್ಟ ವರ್ತಕನೂ ವಿಚಾರಣೆಯಲ್ಲಿ ಉತ್ತರಿಸಬೇಕಾಗುತ್ತದೆ.

ಆದ್ದರಿಂದ ಟೆಲಿವಿಷನ್‌ಗಳಿಗೆ ಬೇರೆ ಬಿಲ್ಲು, ತಂತಿ, ಕೀಪ್ಯಾಡ್, ಪ್ರೋಗ್ರಾಮು ಸೇರಿದ ಅಳವಡಿಕೆಗೆ ಬೇರೆ ಲಿಖಿತ ಒಪ್ಪಂದ, ವಾರ್ಷಿಕ ನಿರ್ವಹಣೆಗೆ ಮತ್ತೊಂದು ಎಂಬ ಕ್ರಮವೇ ಯುಕ್ತ. ಒಪ್ಪಂದದಲ್ಲಿ ತಂತಿಯ ನಕ್ಷೆಯನ್ನೂ ಪ್ರೋಗ್ರಾಮಿನ ಪ್ರತಿಯನ್ನೂ ಗ್ರಾಹಕನಿಗೆ ಕೊಡುವ ಷರತ್ತು ಇರಲೇಬೇಕು. ಹಾಗೆ ಕೊಟ್ಟರೆ ಗ್ರಾಹಕ ಕೈತಪ್ಪುತ್ತಾನೆಂಬ ಭಯ ವರ್ತಕರಲ್ಲಿದೆ. ಆದರೆ ವಿಜಯಪುರದಂತಹ ಊರಿನಲ್ಲಿ ಹತ್ತಿರದ ಅಂಗಡಿಯವನನ್ನು ಬಿಟ್ಟು ದೂರದವನನ್ನು ಕರೆಯುವ ಗ್ರಾಹಕ ವಿರಳ. ಅವನು ಬಿಡುವುದು ಸಿಕ್ಕಿಹಾಕಿಕೊಂಡೆನೆಂದು ಅನಿಸಿದಾಗ. ಬೇರೆ ಬಿಲ್ಲಿನಿಂದ ಮನೆಯ ಯಜಮಾನನಿಗೂ ಲಾಭವಿದೆ. ಗ್ರಾಮೀಣ ಕೃಷಿ ಭೂಮಿಯು ಆದಾಯ ತೆರಿಗೆಯಲ್ಲಿ ಬಂಡವಾಳ ಆಸ್ತಿಯಲ್ಲದಿದ್ದರೂ ಮನೆ ಬಂಡವಾಳ ಆಸ್ತಿಯೇ. ಮುಂದೆ ಮಾರುವಾಗ ಗೋಡೆಯೊಳಗಿನ ಅಳವಡಿಕೆಯನ್ನು ಮನೆಯ ವೆಚ್ಚದಲ್ಲಿ ತೋರಿಸಲು ಅವಕಾಶವುಂಟು. ಟೆಲಿವಿಷನ್ ವೈಯಕ್ತಿಕ ಬಳಕೆಯ ವಸ್ತುವಾಗಿ ಹೊರಗುಳಿಯುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದ ಬಿಲ್ಲು ಆಗ ಉಪಯೋಗಕ್ಕೆ ಬಾರದು.

ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಶೇ. 1ರಷ್ಟು ತೆರಿಗೆ ಕಟ್ಟುವ ಸರಕು ವರ್ತಕನು ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ಮಾತ್ರ ಸೇವೆ ಒದಗಿಸಬಹುದು. ಎರಡು ದೊಡ್ಡ ಮನೆಗಳ ಕಾಮಗಾರಿಯೇ ಆ ಮಿತಿಯನ್ನು ದಾಟಿಸೀತು. ಇದಲ್ಲದೆ ಅವನು ಹೊರರಾಜ್ಯಕ್ಕೆ ಪೂರೈಕೆ ಮಾಡುವಂತಿಲ್ಲ. ಸ್ಥಿರಾಸ್ತಿಯ ಕೆಲಸದಲ್ಲಿ ಪೂರೈಕೆಯ ಸ್ಥಳವೆಂದರೆ ಮನೆ ಇರುವ ಸ್ಥಳ. ಸುಮಾರು ನೂರು ಕಿಲೋಮೀಟರ್ ದೂರದ ಸೊಲ್ಲಾಪುರದ ಮನೆಯೊಂದರ ಗುತ್ತಿಗೆಯನ್ನು ಒಪ್ಪಿಕೊಳ್ಳುವ ಮುನ್ನವೇ ಅವನು ಆ ಪದ್ಧತಿಯಿಂದ ಹೊರಬಂದು ಸಾಮಾನ್ಯ ತೆರಿಗೆದಾರನಾಗಬೇಕಾಗುತ್ತದೆ.